ಮಾಸ್ಟರ ಕೈ, ಸೊಸೆಯ ಫ್ಲ್ಯಾಶು

ಗುಂಡಿಯಮ್ಮನ ಮನೆಯಲ್ಲಿ ಊಟದ ಹೊತ್ತಿಗೆ ಮೊದಲು ಬಡಿಸುವುದು ಮಾಸ್ಟರ ತಟ್ಟೆಗೆ. ಜಗಳ ಶುರುವಾಗುವುದೂ ಆ ತಟ್ಟೆಯಿಂದಲೇ.

"ಅಮ್ಮ, ಇಲ್ಲಿ ನೋಡು. ಅರ್ಧ ನೆಲಕ್ಕೆ ಹೋಗಿದೆ, ಮಿಕ್ಕಿದ್ದು ಅಂಗಿಗೆ. ಅಪ್ಪನ ಹೊಟ್ಟೆಗೆ ಹೋಗಿದ್ದೇನು, ಬರೀ ಗಾಳಿನಾ?"

ಹೀಗೆ ಕೇಳಿದವನು ಮಗ. ಲಾರಿ ರಿಪೇರಿಯ ವರ್ಕ್‌ಶಾಪಿನಲ್ಲಿ ಎಂಜಿನ್ ಸದ್ದನ್ನು ಮೀರಿಸಿ ಕೂಗಿ ಕೂಗಿ ಅಭ್ಯಾಸವಾಗಿ, ಮನೆಯಲ್ಲಿ ಉಪ್ಪು ಕೇಳಿದರೂ ಬೀದಿಯ ಆ ತುದಿಗೆ ಕೇಳಿಸುವಂಥ ಗಂಟಲು ಅವನದು.

"ಮೆಲ್ಲಗೆ ಮಾತಾಡು. ಒಳಗೆ ಕೇಳಿಸುತ್ತೆ."

"ಕೇಳಿಸಲಿ ಅಂತಾನೇ ಹೇಳ್ತಿರೋದು. ನೀನೇ ಪಕ್ಕದಲ್ಲಿ ಕೂತು ತಿನ್ನಿಸೋಕೆ ಏನು ಕಷ್ಟ?"

"ತಿನ್ನಿಸೋಕೆ ಹೋಗಿ ತಟ್ಟೆ ಗೋಡೆಗೆ ಹಾರಿದ್ದು ಮರೆತುಹೋಯ್ತಾ? ಆ ಗೋಡೆ ತೊಳೆದವಳು ನಾನು, ನೀನಲ್ಲ."

ಮಗ ತಟ್ಟೆಯನ್ನು ಸಿಂಕಿಗೆ ಕುಕ್ಕಿ ಹೊರಟುಹೋದ. ಗುಂಡಿಯಮ್ಮ ನೆಲ ಒರೆಸುವ ಬಟ್ಟೆ ಹಿಡಿದು ಹಿಂದಿನ ಕೋಣೆಗೆ ನಡೆದಳು.

ಮಾಸ್ಟರು ಅಂದರೆ ಅವಳ ಗಂಡ. ಬೀದಿಯ ಮೂಲೆಯಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡು ಅರ್ಧ ಊರಿನ ಮೈ ಅಳೆದವರು. ಅವರು ಹೊಲಿದ ಕೋಟು ಹಾಕಿಕೊಂಡರೆ ಗೂನು ಬೆನ್ನೂ ನೆಟ್ಟಗೆ ಕಾಣುತ್ತದೆ ಎಂದು ಜನ ಹೇಳುತ್ತಿದ್ದರು. ಮಾಸ್ಟರೇ ಹಾಗೆ ಹೇಳಿಸುತ್ತಿದ್ದರು ಎನ್ನುವ ಹೊಟ್ಟೆಕಿಚ್ಚಿನವರೂ ಇದ್ದರೆನ್ನಿ. ಅದೇ ಅಂಗಡಿಯ ಹಿಂಬದಿಯಲ್ಲಿ ಕೂತು, ಕಾಜಾ ತೆಗೆದು ಗುಂಡಿ ಹೊಲಿದು, ತನ್ನ ಹೆಸರನ್ನೇ ಗುಂಡಿಯಮ್ಮ ಎಂದು ಮಾಡಿಕೊಂಡವಳು ಈಕೆ. ಹೆತ್ತವರು ಇಟ್ಟ ಹೆಸರನ್ನು ಕೂಗಿದರೆ ಈಗ ತಿರುಗಿಯೂ ನೋಡುತ್ತಿರಲಿಲ್ಲವೇನೋ.

ಈಗ ಅಂಗಡಿ ಇಲ್ಲ. ಮಾಸ್ಟರ ಕೈ ನಡುಗತೊಡಗಿತು. ಸೂಜಿಗೆ ದಾರ ಏರದಾಯಿತು, ಕತ್ತರಿ ಸೀಮೆಸುಣ್ಣದ ಗೆರೆ ಬಿಟ್ಟು ತನಗೆ ಬೇಕಾದ ಕಡೆ ಓಡತೊಡಗಿತು. ಅದು ನರದ ತೊಂದರೆ, ಗುಳಿಗೆಯಿಂದ ಸ್ವಲ್ಪ ಹತೋಟಿಗೆ ಬರುತ್ತದೆ, ಪೂರ್ತಿ ಹೋಗುವುದಿಲ್ಲ ಎಂದರು ಡಾಕ್ಟರು. ಅಂಗಡಿ ಮುಚ್ಚಿದ ಮೇಲೂ ಮಾಸ್ಟರು ಕೊರಳಿನ ಟೇಪು ತೆಗೆಯಲಿಲ್ಲ. ಸ್ನಾನಕ್ಕೆ ಹೋಗುವಾಗ ಮೊಳೆಗೆ ನೇತುಹಾಕುವರು, ಬಂದು ಮತ್ತೆ ಹಾಕಿಕೊಳ್ಳುವರು.

ಆಮೇಲೊಂದು ದಿನ ಮನೆಗೆ ಬಂದ ನೆಂಟರ ಎದುರು ಚಮಚೆಯಲ್ಲಿದ್ದ ಬೇಳೆಯನ್ನೆಲ್ಲ ಎದೆಯ ಮೇಲೆ ಸುರಿದುಕೊಂಡರು. ನೆಂಟರ ಮಗು ಕಿಸಕ್ಕನೆ ನಕ್ಕಿತು. ಮಗು ತಾನೇ, ನಗದೆ ಇನ್ನೇನು ಮಾಡೀತು. ಮಾಸ್ಟರೂ ನಕ್ಕರು, ಕೈ ತೊಳೆದರು, ಎದ್ದು ಹಿಂದಿನ ಕೋಣೆಗೆ ಹೋದರು. ಮತ್ತೆ ಊಟದ ಮೇಜಿಗೆ ಬರಲಿಲ್ಲ. ಕಿಟಕಿಗೆ ದಪ್ಪನೆಯ ಕೋಟಿನ ಬಟ್ಟೆ ಹೊಡೆಸಿದರು, ಬಲ್ಬು ತೆಗೆಸಿದರು. ತಟ್ಟೆ ಒಳಗೆ ಇಟ್ಟು ಬಾಗಿಲು ಮುಚ್ಚಬೇಕು, ಕರೆದಾಗ ಬಂದು ತೆಗೆದುಕೊಂಡು ಹೋಗಬೇಕು. ತಾನು ಚೆಲ್ಲುವುದನ್ನು ಯಾರೂ ನೋಡಬಾರದು, ಅಷ್ಟೇ ಅವರ ಕಾನೂನು. ಕತ್ತಲೆಯಲ್ಲಿ ತಟ್ಟೆ ಯಾವುದು, ತೊಡೆ ಯಾವುದು ಎಂದು ತಿಳಿಯದೆ ಇನ್ನಷ್ಟು ಚೆಲ್ಲುತ್ತಿದ್ದರು. ಚೆಲ್ಲಿ ಬೇಸರವಾಗಿ ಅರ್ಧಕ್ಕೇ ಬಿಡುತ್ತಿದ್ದರು.

ತಮ್ಮ ಅಳತೆಗೆ ತಾವೇ ಹೊಲಿದುಕೊಂಡ ಅಂಗಿಯ ಕಾಲರಿನಲ್ಲಿ ಈಗ ಒಂದು ಮುಷ್ಟಿ ಹಿಡಿಸುವಷ್ಟು ಜಾಗವಿತ್ತು. ಮುಂದಿನ ಸಲ ಬರುವಾಗ ತೂಕ ಇನ್ನೂ ಇಳಿದಿದ್ದರೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ಪೈಪು ಹಾಕಬೇಕಾಗುತ್ತದೆ ಎಂದಿದ್ದರು ಡಾಕ್ಟರು. ಮೂಗಿಗೆ ಪೈಪು ಎಂಬ ಮಾತು ಕೇಳಿದಾಗಿನಿಂದ ಗುಂಡಿಯಮ್ಮನಿಗೆ ಹಗಲೂ ಅದೇ, ಇರುಳೂ ಅದೇ. ಬಾಗಿಲ ಹೊರಗೆ ನಿಂತು ಚಮಚೆಯ ಸದ್ದಿಗೆ ಕಿವಿಗೊಡುವುದೇ ಅವಳ ಊಟವಾಗಿ ಹೋಗಿತ್ತು.

ಆ ವಾರದಲ್ಲೇ ಸೊಸೆ ಮುಖ ಊದಿಸಿಕೊಂಡು ಕೆಲಸದಿಂದ ಬಂದಳು. ಅವಳು ಸ್ಟುಡಿಯೋದಲ್ಲಿ ಫೋಟೋಗ್ರಾಫರು. ಮದುವೆ, ಹುಟ್ಟುಹಬ್ಬ, ಕಂಪನಿಯವರ ಪಾರ್ಟಿ, ಎಲ್ಲಿಗೆ ಕಳಿಸಿದರೆ ಅಲ್ಲಿಗೆ ಹೋಗಿ ಪಟ ತೆಗೆಯಬೇಕು. ಕ್ಯಾಮೆರಾ ಚೀಲವನ್ನು ಕುರ್ಚಿಗೆ ತಗುಲಿಸಿ, ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ಬಂದು ನೀರು ಕುಡಿದಳು.

"ಏನಾಯ್ತೇ?" ಎಂದಳು ಗುಂಡಿಯಮ್ಮ, ಆಲೂಗಡ್ಡೆ ಹೆರೆಯುತ್ತ.

"ಮದುವೆ ಪಾರ್ಟಿ ಪಟ ಎಲ್ಲ ಮಸಕು ಅತ್ತೆ. ಈಗಿನವರಿಗೆ ಹಾಲಲ್ಲಿ ದೀಪ ಆರಿಸಿ ಕೂತ್ಕೊಳ್ಳೋದೇ ಒಂದು ಚೆಂದ. ಮದುಮಗಳ ಹಿಂದಿರೋ ಪರದೆ ಕಣ್ಣಿಗೆ ಹೊಡೆಯೋ ಹಾಗೆ ಬಂದಿದೆ, ಮದುಮಗಳ ಮುಖ ಮಾತ್ರ ಇಲ್ಲ. ಓನರ್ರು ಎಲ್ಲರೆದುರಿಗೇ ಮಂಗಳಾರತಿ ಎತ್ತಿದ್ರು."

"ಫ್ಲ್ಯಾಶ್ ಹಾಕಿರ್ತೀಯಲ್ಲ? ಅಷ್ಟೊಂದು ಬೆಳಕಲ್ಲಿ ಮಸಕು ಹ್ಯಾಗಾಗುತ್ತೆ?"

"ಎಲ್ಲರೂ ಹಾಗೇ ಅಂದ್ಕೋತಾರೆ. ಫ್ಲ್ಯಾಶ್ ಬರೋದು ಕೊನೇಲಿ ಅತ್ತೆ. ಅದಕ್ಕೂ ಮುಂಚೆ ಕ್ಯಾಮೆರಾ ಆ ಕತ್ತಲಲ್ಲೇ ತಡಕಾಡಿ, ಮುಖ ಎಷ್ಟು ದೂರ ಇದೆ ಅಂತ ಗೊತ್ತು ಮಾಡ್ಕೋಬೇಕು. ಗೊತ್ತಾಗ್ಲಿಲ್ಲ ಅಂದ್ರೆ ಎಲ್ಲೋ ಒಂದು ಕಡೆ ನಿಂತುಬಿಡುತ್ತೆ. ಆಮೇಲೆ ಎಷ್ಟು ಬೆಳಕು ಸುರಿದ್ರೂ ದಂಡ. ಫ್ಲ್ಯಾಶಿನ ಮೂತಿಯಲ್ಲಿ ಒಂದು ಕೆಂಪು ದೀಪ ಇರುತ್ತೆ, ಮುಖದ ಮೇಲೆ ಗೆರೆ ಗೆರೆಯಾಗಿ ಬೀಳುತ್ತೆ, ಆ ಗೆರೆ ಹಿಡ್ಕೊಂಡು ದೂರ ಅಳೆಯುತ್ತೆ. ನಂದು ಕೆಟ್ಟು ಕೂತಿದೆ. ಹೊಸದು ಕೊಡ್ಸಿ ಅಂದ್ರೆ ಓನರ್ರಿಗೆ ಕಿವಿನೇ ಕೇಳಲ್ಲ."

"ಅಂದ್ರೆ ಅಳತೆ ತಗೊಳ್ದೆ ಬಟ್ಟೆ ಕತ್ತರಿಸಿದ ಹಾಗಾಯ್ತು."

ಅತ್ತೆ ಸೊಸೆ ಇಬ್ಬರೂ ಆ ಕಡೆ ತಿರುಗಿದರು. ಮಾತು ಬಂದದ್ದು ಹಿಂದಿನ ಕೋಣೆಯಿಂದ. ನೀರು ಬೇಕು, ಬಾಗಿಲು ಹಾಕು ಎಂಬುದನ್ನು ಬಿಟ್ಟು ಬೇರೊಂದು ಮಾತು ಆ ಕೋಣೆಯಿಂದ ಬಂದು ಎಷ್ಟು ಕಾಲವಾಗಿತ್ತೋ.

ಸೊಸೆ ಚುರುಕು. ಅತ್ತೆಯ ಕಡೆಗೊಮ್ಮೆ ನೋಡಿ, ನೆಟ್ಟಗೆ ಹೋಗಿ ಆ ಬಾಗಿಲಿಗೆ ಒರಗಿ ನಿಂತಳು.

"ಸರಿಯಾಗಿ ಹೇಳಿದ್ರಿ ಮಾವ. ನಂಗೊಂದು ಉಪಕಾರ ಆಗ್ಬೇಕಲ್ಲ. ಇಡೀ ಮನೇಲಿ ನಿಮ್ಮ ಕೋಣೆಯಷ್ಟು ಕತ್ತಲೆ ಎಲ್ಲೂ ಇಲ್ಲ. ಅಲ್ಲಿ ಕೂತು ಕೈ ಪಳಗಿಸ್ಕೋತೀನಿ."

"ನಾನೇನು ಮದುಮಗಳಾ?"

"ಮದುಮಗಳಿಗಿಂತ ಮೇಲು. ಅವರು ಒಂದು ಕಡೆ ಕೂರೋದೇ ಇಲ್ಲ."

ಒಳಗೆ ಮಂಚ ಕಿರ್ರೆಂದಿತು. "ಮುಖ ಮಾತ್ರ," ಎಂದರು ಮಾಸ್ಟರು. "ಕೈ ಬಂತೋ, ನಿನ್ನ ಕ್ಯಾಮೆರಾ ಚರಂಡಿಗೆ."

ಹೀಗೆ ಶುರುವಾಯಿತು ನೋಡಿ. ಸೊಸೆ ಸಂಜೆ ಕೆಲಸ ಮುಗಿಸಿ ಬಂದು, ಟೀ ಕುಡಿದು, ಕ್ಯಾಮೆರಾ ಹಿಡಿದು ಮಾವನ ಕೋಣೆಗೆ ನುಗ್ಗುವಳು. ಬಾಗಿಲನ್ನು ಒಂದು ಕೈಯಗಲ ತೆರೆದಿಟ್ಟರೆ ಅಡುಗೆಮನೆಯ ಬೆಳಕು ಒಂದಿಷ್ಟು ಒಳಗೆ ಬೀಳುತ್ತಿತ್ತು, ಅಷ್ಟೇ. ಮಾಸ್ಟರು ಮಂಚದ ಅಂಚಿನಲ್ಲಿ ಕೈ ಎರಡನ್ನೂ ಶಾಲಿನೊಳಗೆ ಹುದುಗಿಸಿ ಕೂರುವರು. ಗುಂಡಿಯಮ್ಮ ಯಾವುದೋ ನೆವ ಹೂಡಿ, ಒಮ್ಮೆ ಪೊರಕೆ, ಒಮ್ಮೆ ಮಡಿಸಬೇಕಾದ ಬಟ್ಟೆ ಹಿಡಿದು ಒಳಗೆ ಬರುವಳು.

ಕ್ಯಾಮೆರಾದ ಕಣ್ಣು ಕೊರ್ ಎಂದು ಮುಂದೆ ಹೋಗಿ, ಕೊರ್ ಎಂದು ಹಿಂದೆ ಬಂದು, ಮತ್ತೆ ಮುಂದೆ ಹೋಗುತ್ತಿತ್ತು. ಆಮೇಲೆ ಫಳಾರ್ ಎಂದು ಬೆಳಕು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಕೋಣೆಯ ಮೂಲೆ ಮೂಲೆಯೂ, ಗೂಟಕ್ಕೆ ತೂಗುಹಾಕಿದ ಅಂಗಿಯ ಮಡಿಕೆಯೂ ಎದುರಿಗೆ ಬಂದು ಹೋಗುತ್ತಿದ್ದವು. ಆ ಬೆಳಕಿಗೆ ಗುಂಡಿಯಮ್ಮ ಹೆದರುತ್ತಿದ್ದಳು, ಅದಕ್ಕಾಗಿ ಕಾಯುತ್ತಲೂ ಇದ್ದಳು.

"ಯಾರಿದು?" ಎಂದರು ಮಾಸ್ಟರು ಮೊದಲ ದಿನ, ಕ್ಯಾಮೆರಾದ ಬೆನ್ನಿನಲ್ಲಿ ಹೊಳೆಯುವ ಪರದೆ ನೋಡಿ. "ನಾನೋ, ಹಿಟ್ಟಿನ ಉಂಡೆಯೋ?"

"ನಿಮ್ಮ ಹಿಂದಿರೋ ಗೋಡೆ ಚೆನ್ನಾಗಿ ಬಂದಿದೆ ಮಾವ."

"ಗೋಡೆಗೆ ಅಂಗಿ ಹೊಲಿಬೇಕಾದಾಗ ಹೇಳ್ತೀನಿ ಬಿಡು."

ಒಂದು ದಿನ ಸೊಸೆ ಫೋನಿನ ಟಾರ್ಚನ್ನು ಮುಖಕ್ಕೆ ಹಿಡಿದಳು. ಮಾಸ್ಟರು ಮುಖ ಆ ಕಡೆ ಹೊರಳಿಸಿ, ಆರಿಸು ಎಂದು ಗುಡುಗಿದರು. ಒಮ್ಮೆ ಬಂದು ಹೋಗುವ ಬೆಳಕು ಅವರಿಗೆ ಪರವಾಗಿಲ್ಲ, ಮೇಲೆ ಬಿದ್ದು ಅಲ್ಲೇ ನಿಲ್ಲುವ ಬೆಳಕು ಆಗದು. ಆವತ್ತು ಊಟವೂ ನೆಟ್ಟಗಾಗಲಿಲ್ಲ. ಮಗ ಅಡುಗೆಮನೆಯಲ್ಲಿ ಹೆಂಡತಿಯ ಮೇಲೆ ಹರಿಹಾಯ್ದ.

"ನಿನ್ನ ಪ್ರಯೋಗಕ್ಕೆ ನಮ್ಮಪ್ಪನೇ ಆಗ್ಬೇಕಾ? ಡಾಕ್ಟರ್ ಹತ್ರ ಹೋಗೋ ದಿನ ಹತ್ರ ಬರ್ತಿದೆ. ಅವರ ಹೊಟ್ಟೆಗೆ ಬೀಳೋದನ್ನ ಯೋಚನೆ ಮಾಡು."

"ದಿನಾ ಸಂಜೆ ಅವರ ಹತ್ರ ಕೂತು ಮಾತಾಡೋಳು ನಾನು. ನೀವು ಆ ಕೋಣೆಯೊಳಗೆ ಕಾಲಿಟ್ಟಿದ್ದು ಯಾವಾಗ, ಹೇಳಿ ನೋಡೋಣ?"

ಗುಂಡಿಯಮ್ಮ ನಡುವೆ ಬಂದು ಇಬ್ಬರ ತಟ್ಟೆಗೂ ಅನ್ನ ಸುರಿದಳು. ಬಾಯಿಗೆ ಅನ್ನ ಬಿದ್ದರೆ ಮಾತು ನಿಂತೀತು ಎಂಬುದು ಅವಳ ಲೆಕ್ಕ.

ಆದರೆ ಸೊಸೆ ಬಿಡಲಿಲ್ಲ, ಮಾಸ್ಟರೂ ಬೇಡ ಎನ್ನಲಿಲ್ಲ. ಮರುದಿನ ಸಂಜೆ ಹೊತ್ತಿಗೆ ಸರಿಯಾಗಿ ಶಾಲು ಹೊದ್ದು ಕೂತಿದ್ದರು.

"ಕ್ಯಾಮೆರಾಕ್ಕೆ ಬರೀ ಕೆನ್ನೆ ತೋರಿಸಿದ್ರೆ ಹಿಡ್ಕೊಳ್ಳೋಕೆ ಏನೂ ಸಿಗಲ್ಲ ಮಾವ," ಎಂದಳು ಸೊಸೆ, ಕಣ್ಣನ್ನು ಕ್ಯಾಮೆರಾಕ್ಕೆ ಒತ್ತಿಕೊಂಡೇ. "ಕಪ್ಪು ಬಿಳಿ ಸೇರೋ ಅಂಚು ಬೇಕು. ಬೆಳಕಿದ್ರೆ ರೆಪ್ಪೆನೋ ಹುಬ್ಬೋ ಸಿಗುತ್ತೆ. ಈ ಕತ್ತಲಲ್ಲಿ ಎಲ್ಲ ಒಂದೇ ಬಣ್ಣ."

ಗುಂಡಿಯಮ್ಮ ಮಡಿಸುತ್ತಿದ್ದ ಬಟ್ಟೆ ಕೆಳಗಿಟ್ಟಳು. ಅಷ್ಟು ಮಬ್ಬಿನಲ್ಲೂ ಗಂಡನ ಎದೆಯ ಮೇಲೆ ಒಂದು ವಸ್ತು ಮಾತ್ರ ಅವಳಿಗೆ ಬೆಳ್ಳಗೆ ಕಾಣುತ್ತಿತ್ತು.

"ಟೇಪು ಆಗುತ್ತೇನೇ? ಬಿಳಿ ಪಟ್ಟಿ, ಕಪ್ಪು ಗೆರೆ."

ಸೊಸೆ ಕ್ಯಾಮೆರಾ ಒಂದಿಷ್ಟು ಕೆಳಗಿಳಿಸಿದಳು. ಕೊರ್ ಎಂದ ಸದ್ದು ಒಮ್ಮೆಗೇ ನಿಂತಿತು. ಪಿಕ್ ಎಂದು ಸಣ್ಣದೊಂದು ದನಿ. "ಸಿಕ್ತು," ಎಂದಳು. ಟೇಪಿನ ಮಾತು ಬಂದದ್ದೇ ತಡ, ಅಂಗಡಿಯ ಅಭ್ಯಾಸಬಲ, ಮಾಸ್ಟರ ಬಲಗೈ ತಾನಾಗಿ ಶಾಲಿನಿಂದ ಹೊರಬಂದು ಟೇಪಿನ ತುದಿ ಹಿಡಿಯಿತು. ಅದೇ ಗಳಿಗೆಗೆ ಫಳಾರ್ ಎಂದಿತು.

ಪರದೆಯಲ್ಲಿ ಪಟ ಬಂತು. ಮಾಸ್ಟರು ಬಗ್ಗಿ ಮೇಲಿನ ಭಾಗವನ್ನಷ್ಟೇ ನೋಡಿದರು. ಮುಖ ಮತ್ತೆ ಹಿಟ್ಟಿನ ಉಂಡೆ.

"ಎದೆ ಅಳತೆ ತಗೊಂಡು ಕಾಲರ್ ಕತ್ತರಿಸಿದ್ದೀಯ," ಎಂದರು. "ಟೇಪು ಇರೋದು ಎದೆ ಮೇಲೆ. ಮುಖ ಅದಕ್ಕಿಂತ ಹಿಂದಿದೆ. ಆ ದೂರ ಬೇರೆ, ಈ ದೂರ ಬೇರೆ. ನನ್ನ ಅಂಗಡೀಲಿ ಆಗಿದ್ರೆ ಒಂದು ವಾರ ಬರೀ ಕಸ ಗುಡಿಸೋಕೆ ಹಚ್ತಿದ್ದೆ." ಮಾತಿನಲ್ಲಿ ಖುಷಿಯಿತ್ತು. ಇನ್ನೊಬ್ಬರ ಕೆಲಸದಲ್ಲಿ ತಪ್ಪು ಹಿಡಿಯುವ ಸುಖ ಅವರಿಗೆ ಬಹಳ ದಿನದಿಂದ ದಕ್ಕಿರಲಿಲ್ಲ.

ಸೊಸೆ ಪಟದ ಕೆಳಭಾಗವನ್ನೇ ದಿಟ್ಟಿಸುತ್ತಿದ್ದಳು. "ನೀರು ತರ್ತೀನಿ ಮಾವ," ಎಂದು ಕ್ಯಾಮೆರಾ ಹಿಡಿದುಕೊಂಡೇ ಅಡುಗೆಮನೆಗೆ ನಡೆದಳು. ಗುಂಡಿಯಮ್ಮ ಹಿಂದೆಯೇ ಬಂದಳು.

"ಅತ್ತೆ, ಕೈ ಬಂದುಬಿಟ್ಟಿದೆ. ಅವರು ನೋಡೋ ಮುಂಚೆ ಅಳಿಸಿಬಿಡ್ತೀನಿ."

"ಎಲ್ಲಿ, ತೋರ್ಸು."

ಸೊಸೆ ಪಟ ದೊಡ್ಡದು ಮಾಡಿದಳು. ಟೇಪಿನ ಅಂಕಿಗಳು ಒಂದೊಂದೂ ಕೆತ್ತಿದ ಹಾಗಿದ್ದವು. ಅಂಕಿಗಳ ಪಕ್ಕದಲ್ಲಿ ಮಾಸ್ಟರ ಕೈ. ಹೆಬ್ಬೆರಳು ತೋರುಬೆರಳುಗಳ ನಡುವೆ ಟೇಪಿನ ತುದಿಯನ್ನು ಹಗುರವಾಗಿ ಹಿಡಿದ ಕೈ. ಸೂಜಿ ಚುಚ್ಚಿ ಚುಚ್ಚಿ ದಡ್ಡುಗಟ್ಟಿದ ಬೆರಳ ತುದಿ, ಕತ್ತರಿಯ ಹಿಡಿ ಒತ್ತಿ ಹೆಬ್ಬೆರಳ ಬುಡದಲ್ಲಿ ಬಿದ್ದ ಗುಳಿ, ಚರ್ಮದ ಒಂದೊಂದು ಗೆರೆಯೂ ಇತ್ತು. ಆ ಕೈ ನಡುಗುತ್ತಿರಲಿಲ್ಲ.

ಗುಂಡಿಯಮ್ಮ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಿದ್ದೆಯಲ್ಲಿ ಅವರ ಕೈ ನಿಂತಿರುವುದನ್ನು ಅವಳು ನೋಡಿದ್ದಳು. ಎಚ್ಚರದಲ್ಲಿ, ಕೆಲಸದ ಮೇಲಿದ್ದಾಗ, ಹೀಗೆ ತನ್ನ ಪಾಡಿಗೆ ತಾನು ನಿಂತ ಆ ಕೈಯನ್ನು ನೋಡುವುದು ಈ ಜನ್ಮಕ್ಕೆ ಮುಗಿದೇಹೋಯಿತು ಎಂದುಕೊಂಡಿದ್ದಳು. ಈಗ ಬಂದದ್ದು ಅಳುವೂ ಅಲ್ಲ, ನಗುವೂ ಅಲ್ಲ. ದೊಡ್ಡದೊಂದು ಬೆರಗು.

"ಇದು ಹ್ಯಾಗೆ ನಿಂತಿತೇ?"

"ಫ್ಲ್ಯಾಶು ಅಷ್ಟು ಚಿಕ್ಕದು ಅತ್ತೆ. ಮಿಂಚಿ ಹೋಗೋವಷ್ಟರಲ್ಲಿ ಯಾವ ಕೈಗೂ ಅಲ್ಲಾಡೋಕೆ ಪುರುಸೊತ್ತೇ ಸಿಗಲ್ಲ. ಅಳಿಸ್ಲಾ?"

"ಮುಟ್ಟಿದ್ರೆ ನೋಡು."

ಮಗ ವರ್ಕ್‌ಶಾಪಿನಿಂದ ಬಂದವನು ಗ್ರೀಸು ಮೆತ್ತಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಆ ಪಟಕ್ಕೆ ಬಗ್ಗಿದ. ಎಂದೂ ಕೇಳದಷ್ಟು ಸಣ್ಣ ದನಿಯಲ್ಲಿ, "ಅಪ್ಪನಿಗೆ ತೋರಿಸ್ಬೇಡ ಅಮ್ಮ," ಎಂದ. "ಆಸೆ ತೋರಿಸಿ ಕಿತ್ಕೊಂಡ ಹಾಗಾಗುತ್ತೆ."

"ಅವರ ಕೈ ಅದು. ನಾವು ಮೂವರು ನೋಡಿ, ಅವರಿಂದ ಮುಚ್ಚಿಡೋದಾ?"

"ಕೈ ತೆಗೀಬೇಡ ಅಂತ ಅವರೇ ಹೇಳಿದ್ರಲ್ಲ ಅತ್ತೆ," ಎಂದಳು ಸೊಸೆಯೂ.

ಗುಂಡಿಯಮ್ಮ ಅಂದು ತೋರಿಸಲಿಲ್ಲ. ಮರುದಿನವೂ ಇಲ್ಲ. ಆದರೆ ಬಚ್ಚಿಡುವ ವಿದ್ಯೆ ಅವಳಿಗೆಲ್ಲಿ ಬರಬೇಕು. ಬಟ್ಟೆ ಒಗೆಯುವಾಗಲೂ ಅದೇ ಕೈ, ಬೇಳೆ ಆರಿಸುವಾಗಲೂ ಅದೇ ಕೈ. ವಾರ ಕಳೆಯುವುದರೊಳಗೆ ಒಂದು ಮಧ್ಯಾಹ್ನ, ಸೊಸೆ ಮನೆಯಲ್ಲಿದ್ದಾಗ ಅವಳಿಂದ ಕ್ಯಾಮೆರಾ ಇಸಿದುಕೊಂಡು ಗಂಡನ ಮುಂದೆ ಹಿಡಿದೇಬಿಟ್ಟಳು.

ಮಾಸ್ಟರು ಬಹಳ ಹೊತ್ತು ನೋಡಿದರು.

"ಯಾರ ಕೈ ಇದು?"

"ನಿಮ್ಮದೇ ರೀ."

"ಸುಳ್ಳು." ಶಾಲಿನೊಳಗಿಂದ ಕೈ ಹೊರತೆಗೆದು ಪರದೆಯ ಪಕ್ಕಕ್ಕೆ ಹಿಡಿದರು. ಅದು ಮರದೆಲೆಯ ಹಾಗೆ ಅದುರುತ್ತಿತ್ತು. "ಇದು ನನ್ನ ಕೈ. ಅದು ನಿಮ್ಮ ಮೆಷಿನ್ನು ಹೊಲಿದು ಕೊಟ್ಟಿದ್ದು. ಮುಖ ಮಾತ್ರ ಅಂದಿದ್ದೆ ತಾನೇ?"

"ಬೇಕಂತ ತೆಗೀಲಿಲ್ಲ ಮಾವ, ನೀವೇ ಟೇಪು ಹಿಡ್ಕೊಂಡ್ರಿ," ಎಂದಳು ಬಾಗಿಲಲ್ಲಿದ್ದ ಸೊಸೆ. "ಸುಳ್ಳೂ ಅಲ್ಲ. ಆ ಒಂದು ಗಳಿಗೆ ನಿಮ್ಮ ಕೈ ಅಲ್ಲೇ ಇತ್ತು. ಇಲ್ಲದ್ದನ್ನ ತೋರಿಸೋಕೆ ಕ್ಯಾಮೆರಾಕ್ಕೆ ಬರಲ್ಲ."

"ಬಾಗಿಲು ಹಾಕು."

ಆ ಸಂಜೆ ತಟ್ಟೆ ಹೋದ ಹಾಗೇ ಹೊರಗೆ ಬಂತು. ಮರುದಿನ ಬೆಳಿಗ್ಗೆ ಬ್ರೆಡ್ಡು ಮೊಟ್ಟೆಯೂ ಅಷ್ಟೇ.

"ಈಗ ಸಮಾಧಾನ ಆಯ್ತಾ?" ಎಂದ ಮಗ. ಕೂಗಲಿಲ್ಲ. ಕೂಗಿದ್ದರೇ ಚೆನ್ನಾಗಿತ್ತು. "ನಾಡಿದ್ದು ಡಾಕ್ಟರ್ ಹತ್ರ ಹೋಗ್ಬೇಕು. ಬಟ್ಟೆ ಬರೆ ಜೋಡಿಸಿಡು. ಅಲ್ಲೇ ಇಟ್ಕೋತಾರೆ."

ಗುಂಡಿಯಮ್ಮ ಮೂಲೆಯ ಕಪಾಟು ತೆರೆದು ಗಂಡನ ಅಂಗಿಗಳನ್ನು ಚೀಲಕ್ಕೆ ತುಂಬತೊಡಗಿದಳು. ಮಾಡಬಾರದ್ದನ್ನು ಮಾಡಿದೆ ಎನ್ನಿಸಿತು. ಒಳ್ಳೆಯದಾಗಲಿ ಎಂದು ಹೋಗಿ ಉಣ್ಣುತ್ತಿದ್ದ ನಾಲ್ಕು ತುತ್ತನ್ನೂ ಕಿತ್ತುಕೊಂಡೆನಲ್ಲ ಎಂದು ತನ್ನನ್ನು ತಾನೇ ಬೈದುಕೊಂಡಳು. ಚೀಲ ಅರ್ಧ ತುಂಬಿರಬೇಕು, ಒಳಗಿನಿಂದ ಕರೆ ಬಂತು.

"ಲೇ, ಇವಳೇ."

"ಏನು ಬೇಕಿತ್ತು?"

"ಊಟ ತಗೊಂಡು ಬಾ. ಆ ಪಟ ತೆಗೆಯೋಳನ್ನೂ ಕರಿ."

ಕತ್ತಲೆಗೆ ಕಣ್ಣು ಒಗ್ಗುವವರೆಗೂ ಇಬ್ಬರೂ ಬಾಗಿಲಲ್ಲೇ ನಿಂತರು. ಮಾಸ್ಟರು ಶಾಲು ಹೊದ್ದಿರಲಿಲ್ಲ. ಕೈ ಎರಡೂ ತೊಡೆಯ ಮೇಲೆ ಅದುರುತ್ತ ಕೂತಿದ್ದವು.

"ಸುಳ್ಳಲ್ಲ ಅಂದೆಯಲ್ಲಮ್ಮ," ಎಂದರು ಸೊಸೆಗೆ. "ಹಾಗಾದ್ರೆ ನಾನು ಚೆಲ್ಲೋದನ್ನ ತೆಗಿ. ಚಮಚೆ, ಕೈ, ಮುಖ ಎಲ್ಲ ಬರಬೇಕು. ನಿನ್ನ ಮೆಷಿನ್ನು ನಿಜ ಹೇಳುತ್ತೋ ಇಲ್ವೋ ನೋಡೇಬಿಡೋಣ."

ಸೊಸೆ ಕ್ಯಾಮೆರಾದ ಪಟ್ಟಿ ಕೊರಳಿಗೆ ಹಾಕಿಕೊಂಡಳು. "ಆಗ್ಲಿ ಮಾವ. ಆದ್ರೆ ಮುಖದ ಹತ್ರ ಹಿಡಿಯೋಕೆ ಗೆರೆ ಬೇಕು. ಮೊನ್ನೆ ಎದೆಗೆ ಅಳತೆ ತಗೊಂಡು ಬೈಸಿಕೊಂಡಿದ್ದೀನಿ."

"ಟೋಪಿಗೆ ಅಳೆಯೋ ಹಾಗೆ ಹಿಡೀತೀನಿ," ಎಂದಳು ಗುಂಡಿಯಮ್ಮ.

ಅವಳು ಗಂಡನ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗುವಂತೆ ಕೂತು, ಅವರ ಕೊರಳಿಂದ ಟೇಪು ಬಿಡಿಸಿಕೊಂಡಳು. ಅದರ ಒಂದು ತುಂಡನ್ನು ಅವರ ಕಣ್ಣಿನ ಪಕ್ಕದಲ್ಲಿ, ಕೆನ್ನೆಯ ಮೂಳೆಗೆ ಹಿಡಿದಳು. ಆ ಕೆನ್ನೆ ಎಷ್ಟು ಒಳಗಿಳಿದಿದೆ ಎಂಬುದು ಬೆರಳಿಗೆ ತಿಳಿಯಿತು. ಮಾಸ್ಟರು ಮುಖ ಸರಿಸಲಿಲ್ಲ.

ಕೊರ್, ಕೊರ್, ಪಿಕ್.

"ಸಿಕ್ತು. ಈಗ ಕ್ಯಾಮೆರಾ ಬೆನ್ನಲ್ಲಿರೋ ಗುಂಡಿ ಒತ್ತಿ ಹಿಡ್ಕೊಂಡಿರ್ತೀನಿ. ಬಿಡೋವರೆಗೂ ಇದು ಮತ್ತೆ ಹುಡುಕೋಕೆ ಹೋಗಲ್ಲ. ಅತ್ತೆ, ಟೇಪು ತೆಗೀರಿ. ಮಾವ, ಮುಖ ಹಿಂದೆ ಮುಂದೆ ಹೋಗ್ಬಾರದು."

ಮಾಸ್ಟರು ಚಮಚೆ ತುಂಬಿ ಎತ್ತಿದರು. ಕೈಯ ಜೊತೆ ಮೈಯೂ ತೂಗಿತು. ಫಳಾರ್. ಪಟ ಮಸಕು.

"ತೂಗ್ತಿದ್ದೀರ ಮಾವ."

"ಇರು. ಅಳತೆ ತಗೊಳ್ಳುವಾಗ ಗಿರಾಕಿಗೆ ಏನು ಹೇಳ್ತಿದ್ದೆ ನಾನು?" ಮಾಸ್ಟರು ತಮ್ಮನ್ನೇ ಕೇಳಿಕೊಂಡರು. "ಉಸಿರು ಬಿಡಿ ಅಂತಿದ್ದೆ. ಪೂರ್ತಿ ಬಿಟ್ಟಾಗ ಮೈ ಒಂದು ಗಳಿಗೆ ಸುಮ್ಮನಿರುತ್ತೆ. ಉಸಿರು ಬಿಟ್ಟು ಚಮಚೆ ಎತ್ತುತ್ತೀನಿ. ನೀನು ಆಗ ಒತ್ತು."

ಮಗ ಬಂದು ಬಾಗಿಲಲ್ಲಿ ನಿಂತಿದ್ದ. ಆಸ್ಪತ್ರೆಯ ಚೀಲ ಅರ್ಧಕ್ಕೇ ನಿಂತದ್ದು ಏಕೆಂದು ಕೇಳಲು ಬಂದವನು. ಅವನ ಕಡೆ ಯಾರೂ ತಿರುಗಲಿಲ್ಲ.

ಗುಂಡಿಯಮ್ಮ ಮತ್ತೆ ಟೇಪು ಹಿಡಿದಳು. ಪಿಕ್. ಟೇಪು ತೆಗೆದು ಮಡಿಲಿಗೆ ಹಾಕಿಕೊಂಡಳು. ಮಾಸ್ಟರು ಉಸಿರು ಬಿಟ್ಟರು. ಚಮಚೆ ತಟ್ಟೆಯಿಂದ ಎದ್ದಿತು, ಅದುರಿತು, ವಾಲಿತು. ಬೇಳೆ ಅಂಚು ದಾಟಿತು. ಫಳಾರ್.

ಸೊಸೆ ಪರದೆ ನೋಡಿದಳು. ಕ್ಯಾಮೆರಾವನ್ನು ತಂದು ಮಾವನ ತೊಡೆಯ ಮೇಲಿಟ್ಟು, ತಾನು ನೆಲದ ಮೇಲೆ ಕೂತಳು.

ಪಟದಲ್ಲಿ ಮಾಸ್ಟರಿದ್ದರು. ರೆಪ್ಪೆಯ ಕೂದಲು ಎಣಿಸಬಹುದಿತ್ತು. ಕಣ್ಣು ಚಮಚೆಯ ಮೇಲೆ, ಮುಖದಲ್ಲಿ ಹಿಂದೆ ಕತ್ತರಿ ಹಿಡಿದಾಗ ಇರುತ್ತಿದ್ದ ಅದೇ ಬಿಗಿ. ಕೈ ನಿಂತಿತ್ತು. ಚಮಚೆ ವಾಲಿತ್ತು, ಆದರೆ ಅದೂ ನಿಂತಿತ್ತು. ಚಮಚೆಯ ಕೆಳಗೆ ಬೇಳೆಯ ಹನಿಗಳು, ದುಂಡು ದುಂಡಾಗಿ, ದಾರದಲ್ಲಿ ಪೋಣಿಸಿದ ಹಾಗೆ ಗಾಳಿಯಲ್ಲಿ ನಿಂತಿದ್ದವು. ಒಂದೊಂದರ ಮೈಯಲ್ಲೂ ಬೆಳಕಿನ ಒಂದು ಚುಕ್ಕೆ.

ನಾನು ಒರೆಸುತ್ತಾ ಬಂದದ್ದು ಇದನ್ನೇನಾ ಎಂದುಕೊಂಡಳು ಗುಂಡಿಯಮ್ಮ. ನೆಲ ಮುಟ್ಟುವ ಮುಂಚೆ ಇದು ಇಷ್ಟು ಚೆಂದವಿತ್ತೇ ಎಂದು ಅವಳಿಗೆ ಮೈ ಜುಮ್ಮೆಂದಿತು.

"ಚೆಲ್ಲಿದ್ದೀನಿ," ಎಂದರು ಮಾಸ್ಟರು ಮೆಲ್ಲಗೆ. "ಚೆಲ್ಲಿದ್ದೂ ನಿಜ. ಕೈ ನಿಂತಿದ್ದೂ ನಿಜ." ಬೆರಳು ತಂದು ಹನಿಗಳ ಮೇಲೆ ಆಡಿಸಿದರು. "ಇನ್ನೂ ಒಂದೂ ಕೆಳಗೆ ಬಿದ್ದಿಲ್ಲ ನೋಡು."

ಹಾಗೆ ಆಡಿಸುತ್ತ ಬೆರಳು ಪಟದ ಅಂಚಿಗೆ ಹೋಗಿ ನಿಂತಿತು.

"ಇವಳೇನು ಮಾಡ್ತಿದ್ದಾಳೆ?"

ಒಂದೇ ಸಾಲಿನಲ್ಲಿ, ಒಂದೇ ದೂರದಲ್ಲಿ ಕೂತಿದ್ದರಿಂದ ಗುಂಡಿಯಮ್ಮನ ಮುಖವೂ ಗಂಡನ ಮುಖದಷ್ಟೇ ಸ್ಪಷ್ಟವಾಗಿ ಬಂದಿತ್ತು. ಅವಳ ಕಣ್ಣೂ ಅದೇ ಚಮಚೆಯ ಮೇಲಿತ್ತು. ಬಾಯಿ ತೆರೆದಿತ್ತು. ಕೂಸಿಗೆ ಉಣಿಸುವ ತಾಯಿ ತುತ್ತಿನ ಜೊತೆ ತಾನೂ ಬಾಯಿ ತೆರೆಯುತ್ತಾಳಲ್ಲ, ಹಾಗೆ.

"ಅಯ್ಯೋ, ಅದೇನು ಅವತಾರ," ಎಂದು ಗುಂಡಿಯಮ್ಮ ಮುಖ ಮುಚ್ಚಿಕೊಂಡಳು. "ನಾನೆಲ್ಲಿ ಬಾಯಿ ತೆರೆದೆ? ಅಳಿಸೇ ಅದನ್ನ."

"ಅಮ್ಮ ಯಾವಾಗ್ಲೂ ಹಾಗೇ ಅಪ್ಪ," ಎಂದ ಬಾಗಿಲಲ್ಲಿದ್ದ ಮಗ. ದನಿ ತೀರ ತಗ್ಗಿತ್ತು. "ನೀನು ಬಾಗಿಲು ಹಾಕ್ಕೊಂಡು ಉಣ್ತೀಯಲ್ಲ, ಹೊರಗೆ ನಿಂತಿರ್ತಾಳೆ. ಒಳಗೆ ನಿನ್ನ ಚಮಚೆ ಸದ್ದಾದಾಗೆಲ್ಲ ಇಲ್ಲಿ ಇವಳ ಬಾಯಿ ತೆರೆಯುತ್ತೆ. ನಾನು ನೋಡಿದ್ದೀನಿ. ನೋಡೋಕಾಗದೇ ಕೂಗಾಡ್ತೀನಿ."

ಗುಂಡಿಯಮ್ಮ ಮುಖದ ಮೇಲಿನ ಕೈ ತೆಗೆದು ಮಗನನ್ನು ನೋಡಿದಳು. ಅವಳಿಗೆ ಅದು ಗೊತ್ತೇ ಇರಲಿಲ್ಲ.

"ದಿನಾನಾ?" ಎಂದರು ಮಾಸ್ಟರು.

"ದಿನಾ."

ಮಾಸ್ಟರು ಪಟದಲ್ಲಿದ್ದ ಹೆಂಡತಿಯ ಮುಖ ನೋಡಿದರು, ಪಕ್ಕದಲ್ಲಿದ್ದವಳ ಮುಖ ನೋಡಿದರು. ಕ್ಯಾಮೆರಾವನ್ನು ಜೋಪಾನವಾಗಿ ಸೊಸೆಯ ಕೈಗೆ ಕೊಟ್ಟರು. ಚಮಚೆ ತೆಗೆದುಕೊಂಡು, ತಟ್ಟೆಯಿಂದ ಅನ್ನ ಬೇಳೆ ತುಂಬಿ, ಹೆಂಡತಿಯ ಕಡೆ ಹಿಡಿದರು. ಚಮಚೆ ಗಾಳಿಯಲ್ಲಿ ಆ ಕಡೆ ಈ ಕಡೆ ಓಲಾಡುತ್ತ ಬಂತು. ಅವಳ ತುಟಿ ತಲುಪುವ ಹೊತ್ತಿಗೆ ಅರ್ಧ ಅವಳ ಮಡಿಲಲ್ಲಿತ್ತು, ಒಂದಿಷ್ಟು ಗಲ್ಲದ ಮೇಲಿತ್ತು. ಚಮಚೆ ಹಲ್ಲಿಗೆ ಟಣ್ ಎಂದು ತಾಗಿತು. ಮಾಸ್ಟರ ಬಾಯಿ ಅವರಿಗೇ ತಿಳಿಯದ ಹಾಗೆ ಅಗಲವಾಗಿ ತೆರೆದುಕೊಂಡಿತ್ತು. ಗುಂಡಿಯಮ್ಮ ಅದನ್ನು ನೋಡಿದಳು.

"ಚೆಲ್ತಾ?" ಎಂದರು ಮಾಸ್ಟರು.

"ಚೆಲ್ತು," ಎಂದಳು ಅವಳು ಅಗಿಯುತ್ತ. "ಮಿಕ್ಕಿದ್ದು ಸಿಕ್ತು."

ಮಾಸ್ಟರು ಇನ್ನೊಂದು ಚಮಚೆ ತುಂಬಿಕೊಂಡರು. ಈ ಸಲ ತಮಗೆ. ಮಗ ನೋಡುತ್ತಿದ್ದ, ಸೊಸೆ ನೋಡುತ್ತಿದ್ದಳು, ಯಾರಿಗೂ ಆಚೆ ಹೋಗಿ ಎನ್ನಲಿಲ್ಲ. ಚಮಚೆ ಅದುರುತ್ತ ಮೇಲೆದ್ದಿತು. ಗುಂಡಿಯಮ್ಮ, ಈಗ ಗೊತ್ತಿದ್ದೇ, ಬಾಯಿ ತೆರೆದಳು.